ಫ್ಯಾಟಿ ಲಿವರ್ ಪ್ಯಾಕೇಜ್: ಇನ್ನು ಬಿಎಂಐ 30ಕ್ಕೆ ಕಾಯುವುದಿಲ್ಲ, ಸೊಂಟವನ್ನೂ ಅಳೆಯುತ್ತೇವೆ

ಉಡುಪಿ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಬರುವ 1ನೇ ತಾರೀಕಿನಿಂದ ನಮ್ಮ ಲ್ಯಾಬಿನ ಫ್ಯಾಟಿ ಲಿವರ್ (ಲಿವರಿನಲ್ಲಿ ಕೊಬ್ಬು ಸೇರುವುದು) ಪ್ಯಾಕೇಜಿನಲ್ಲಿ ಎರಡು ಬದಲಾವಣೆಗಳಿವೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 30 ದಾಟಿದವರಿಗೆ ಮಾತ್ರ ಈ ಪರೀಕ್ಷೆ ಸೂಚಿಸುತ್ತಿದ್ದ ಸಾಲು ಫಾರ್ಮಿನಿಂದ ಹೋಗಿದೆ. ಇನ್ನು 23ರಿಂದಲೇ ಸೂಚಿಸುತ್ತೇವೆ, ಸೊಂಟದ ಸುತ್ತಳತೆಯನ್ನೂ ಬರೆದುಕೊಳ್ಳುತ್ತೇವೆ. ಎರಡನೆಯದು, ರಕ್ತದಲ್ಲಿ ಅಳೆಯುವ ಲಿವರ್ ಕಿಣ್ವಗಳಾದ ಎಸ್‌ಜಿಓಟಿ, ಎಸ್‌ಜಿಪಿಟಿ ಜೊತೆಗೆ ಪ್ಲೇಟ್‌ಲೆಟ್ ನೋಡಿ, ಲಿವರ್ ಗಟ್ಟಿಯಾಗುತ್ತಿದೆಯೇ ಎಂಬ ಸುಳಿವು ಕೊಡುವ ಫಿಬ್-4 ಅಂಕವನ್ನು ರಿಪೋರ್ಟಿನಲ್ಲೇ ಕೊಡುತ್ತೇವೆ. ದರ ಮೊದಲಿನದೇ.

5 ಅಡಿ 5 ಇಂಚು ಎತ್ತರದವರ ಬಿಎಂಐ 30 ಆಗಬೇಕಾದರೆ ಅವರು ಸುಮಾರು 82 ಕಿಲೋ ತೂಗಬೇಕು. 23 ಆಗಲು 63 ಕಿಲೋ ಸಾಕು. ನಡುವಿನ 19 ಕಿಲೋದಲ್ಲಿ ಇರುವವರನ್ನು ಹಳೆ ಫಾರ್ಮು ಸುಮ್ಮನೆ ಮನೆಗೆ ಕಳಿಸುತ್ತಿತ್ತು. ಅದು ಸರಿಯಲ್ಲ, ಏಕೆಂದರೆ ಒಂದೇ ತೂಕ ಎಲ್ಲ ಜನಾಂಗದವರ ಲಿವರಿಗೂ ಒಂದೇ ಅಪಾಯ ತರುವುದಿಲ್ಲ.

ಅಮೆರಿಕದ ಡಲ್ಲಾಸ್ ಹಾರ್ಟ್ ಸ್ಟಡಿಯಿಂದ 2004ರಲ್ಲಿ ಹೊರಬಂದ ಲೆಕ್ಕ ನೋಡಿ. ಲಿವರಿನಲ್ಲಿ ಕೊಬ್ಬು ಕಂಡದ್ದು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಲ್ಯಾಟಿನ್ ಅಮೆರಿಕದ) ಮೂಲದವರಲ್ಲಿ ಶೇ 45, ಬಿಳಿಯರಲ್ಲಿ ಶೇ 33, ಕಪ್ಪು ಜನರಲ್ಲಿ ಶೇ 24 ಮಂದಿಗೆ. ಕಪ್ಪು ಜನರಲ್ಲಿ ಅದು ಏಕೆ ಕಡಿಮೆ ಎಂಬುದಕ್ಕೆ ತೂಕದಲ್ಲಾಗಲಿ, ಕುಡಿತದಲ್ಲಾಗಲಿ, ಇನ್ಸುಲಿನ್ ಪ್ರತಿರೋಧದಲ್ಲಾಗಲಿ (ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿರುವುದು) ಉತ್ತರ ಸಿಗಲಿಲ್ಲ. ಉತ್ತರದ ಒಂದು ಪಾಲು 2008ರಲ್ಲಿ ಸಿಕ್ಕಿತು: ಲಿವರಿನಲ್ಲಿ ಕೊಬ್ಬು ಉಳಿಸುವ ಪಿಎನ್‌ಪಿಎಲ್‌ಎ3 ಜೀನಿನ ಒಂದು ರೂಪ ಹಿಸ್ಪಾನಿಕ್ ಜನರಲ್ಲಿ ಹೆಚ್ಚು, ಆಫ್ರಿಕನ್ ಮೂಲದವರಲ್ಲಿ ಕಡಿಮೆ.

ನಮ್ಮವರ ತೊಂದರೆ ಬೇರೆ ಬಗೆಯದು. ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ. ಚರ್ಮದಡಿ ನಿಲ್ಲಬೇಕಾದ ಕೊಬ್ಬು ಕರುಳಿನ ಸುತ್ತ ಸೇರಿ ಅಲ್ಲಿಂದ ಲಿವರಿಗೆ ಹೋಗುತ್ತದೆ. ಅಮೆರಿಕದಲ್ಲಿರುವ ತೆಳ್ಳಗಿನ ಭಾರತೀಯ ಮೂಲದ ಗಂಡಸರಲ್ಲೂ ಲಿವರ್ ಕೊಬ್ಬು ಉಳಿದವರಿಗಿಂತ ಸುಮಾರು ಎರಡು ಪಟ್ಟು ಇದ್ದದ್ದು 2006ರ ಅಧ್ಯಯನದಲ್ಲಿ ಕಂಡುಬಂತು. ಹಾಗಾಗಿ ಹೊರದೇಶದ ರಿಪೋರ್ಟಿನಲ್ಲಿ ಬಿಎಂಐ 24ರ ಎದುರು 'ನಾರ್ಮಲ್' ಎಂದಿದ್ದರೆ ಅದನ್ನೇ ನಂಬಿ ಕೂರಬೇಡಿ.

ಸೊಂಟದ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಪ್ಯಾಂಟಿನ ಸೈಜು ಹೇಳಿದರೆ ಬರೆದುಕೊಳ್ಳುವುದಿಲ್ಲ. ಹೆಚ್ಚಿನವರು ಪ್ಯಾಂಟು, ಮುಂಡು ಉಡುವುದು ಹೊಟ್ಟೆಯ ಕೆಳಗೆ. 34ರ ಪ್ಯಾಂಟಿನ ಮೇಲೆ 96 ಸೆಂ.ಮೀ. ಹೊಟ್ಟೆ ಇರಬಹುದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಟೇಪು ಹಿಡಿದು, ಉಸಿರು ಬಿಟ್ಟ ಮೇಲೆ ಓದಬೇಕು. ದಯವಿಟ್ಟು ಹೊಟ್ಟೆ ಒಳಗೆಳೆದುಕೊಳ್ಳಬೇಡಿ.

ಎಸ್‌ಜಿಪಿಟಿ ಸರಿ ಇದ್ದ ಮಾತ್ರಕ್ಕೆ ಲಿವರ್ ಸರಿ ಎಂದಲ್ಲ. ಸ್ಕ್ಯಾನಿಂಗಿನಲ್ಲೂ ಸ್ವಲ್ಪ ಕೊಬ್ಬು ಇದ್ದರೆ ಕಾಣುವುದಿಲ್ಲ. ಮುಖ್ಯವಾಗಿ ತಿಳಿಯಬೇಕಾದದ್ದು ಲಿವರ್ ಗಟ್ಟಿಯಾಗುತ್ತಿದೆಯೇ ಎಂದು. ಫಿಬ್-4 ಅದರ ಸುಳಿವು. ವಯಸ್ಸನ್ನು ಎಸ್‌ಜಿಓಟಿಯಿಂದ ಗುಣಿಸಿ, ಸಾವಿರದ ಲೆಕ್ಕದ ಪ್ಲೇಟ್‌ಲೆಟ್ಟಿನಿಂದಲೂ ಎಸ್‌ಜಿಪಿಟಿಯ ವರ್ಗಮೂಲದಿಂದಲೂ ಭಾಗಿಸಬೇಕು. 50 ವರ್ಷ, ಎಸ್‌ಜಿಓಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 1.8 ಲಕ್ಷ (ಅಂದರೆ 180 ಸಾವಿರ) ಇದ್ದರೆ 1.67 ಬರುತ್ತದೆ. 1.3ಕ್ಕಿಂತ ಕಡಿಮೆಯಿದ್ದರೆ ಸದ್ಯಕ್ಕೆ ಭಯವಿಲ್ಲ (65 ದಾಟಿದವರಿಗೆ ಈ ಮಿತಿ 2). 2.67 ಮೀರಿದರೆ ತಡಮಾಡದೆ ಲಿವರ್ ತಜ್ಞರನ್ನು ಕಾಣಿ. ನಡುವೆ ಇದ್ದರೆ ವೈದ್ಯರು ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿ ಎಂದು ಅಳೆಯುವ ಸ್ಕ್ಯಾನ್) ಹೇಳಬಹುದು. ಅದಕ್ಕೆ 3 ಗಂಟೆ ಏನೂ ತಿನ್ನದೆ ಹೋಗಬೇಕು. 35ರೊಳಗಿನವರಲ್ಲಿ ಈ ಅಂಕ ಅಷ್ಟು ನಂಬಿಕೆಯದಲ್ಲ.

ಮಳೆಗಾಲದಲ್ಲಿ ಒಂದು ಎಚ್ಚರ ಬೇಕು. ಡೆಂಗಿ, ಇಲಿಜ್ವರ ಬಂದಾಗ ಪ್ಲೇಟ್‌ಲೆಟ್ ಇಳಿಯುತ್ತದೆ. ಮೇಲಿನ ಲೆಕ್ಕದಲ್ಲೇ 1.8 ಲಕ್ಷ 90 ಸಾವಿರಕ್ಕೆ ಇಳಿದರೆ ಅಂಕ 3.33 ಆಗುತ್ತದೆ, ಲಿವರ್ ಇದ್ದ ಹಾಗೇ ಇರುತ್ತದೆ. ಜ್ವರ ಬಿಟ್ಟು ಒಂದು ತಿಂಗಳು ಕಳೆದ ಮೇಲೆ ಬನ್ನಿ. ಹಿಂದಿನ ದಿನ ಜಿಮ್, ತೋಟದ ಭಾರದ ಕೆಲಸ ಬೇಡ, ಸ್ನಾಯು ದಣಿದರೂ ಎಸ್‌ಜಿಓಟಿ ಏರುತ್ತದೆ. ಟ್ಯೂಬಿನಲ್ಲಿ ಪ್ಲೇಟ್‌ಲೆಟ್ ಗಂಟು ಕಟ್ಟಿ ಎಣಿಕೆ ತಪ್ಪುವುದೂ ಉಂಟು. ಕಡಿಮೆ ಬಂದ ಪ್ರತಿ ಮಾದರಿಯನ್ನೂ ಸ್ಲೈಡಿನಲ್ಲಿ ನೋಡಿಯೇ ರಿಪೋರ್ಟು ಕೊಡುತ್ತೇವೆ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, 10 ಗಂಟೆ ನೀರು ಬಿಟ್ಟು ಬೇರೇನೂ ಬೇಡ. ಹಳೆ ರಿಪೋರ್ಟಿನಲ್ಲಿ ಎಸ್‌ಜಿಓಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಮೂರೂ ಒಂದೇ ದಿನದ್ದಿದ್ದರೆ ಕೌಂಟರಿನಲ್ಲಿ ತೋರಿಸಿ. ಮತ್ತೆ ರಕ್ತ ತೆಗೆಯದೆ ಅಂಕ ಹಾಕಿ ಕೊಡುತ್ತೇವೆ.

ಇತಿ,
ಲ್ಯಾಬಿನ ಸಿಬ್ಬಂದಿ