ಗಿಡಮೂಲಿಕೆ ಫಾರ್ವರ್ಡ್‌ಗಳ ಬಗ್ಗೆ ಒಂದು ಸೂಚನೆ

ಎಲ್ಲರಿಗೂ ನಮಸ್ಕಾರ. ಬೆಳ್ಳುಳ್ಳಿ, ಲವಂಗ ರೋಗಾಣು ಕೊಲ್ಲುತ್ತವೆ, ಔಷಧಿಯ ಬದಲು ಅವೇ ಸಾಕು ಎನ್ನುವ ಫಾರ್ವರ್ಡ್‌ಗಳು ಗುಂಪಿನಲ್ಲಿ ಜಾಸ್ತಿ ಆಗಿವೆ. ಸುಮ್ನೆ ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ.

ಗಿಡಗಳಲ್ಲಿ ರೋಗಾಣು ತಡೆಯುವ ಶಕ್ತಿ ಇರುವುದು ನಿಜ. ಬೆಳ್ಳುಳ್ಳಿಯನ್ನೇ ನೋಡಿ. ಇಡೀ ಎಸಳಿಗೆ ಅಷ್ಟೊಂದು ವಾಸನೆ ಇರುವುದಿಲ್ಲ, ಅಲ್ವಾ? ಜಜ್ಜಿದಾಗ ಒಳಗೆ ಬೇರೆ ಬೇರೆ ಇದ್ದ ಅಲೀನ್ ಎಂಬ ವಸ್ತು ಮತ್ತು ಅಲೀನೇಸ್ ಎಂಬ ಕಿಣ್ವ ಒಂದಕ್ಕೊಂದು ತಾಗಿ ಅಲಿಸಿನ್ ಎಂಬ ಹೊಸ ವಸ್ತು ಹುಟ್ಟುತ್ತದೆ. ಆ ಘಾಟು ಅದರದ್ದೇ, ಬ್ಯಾಕ್ಟೀರಿಯಾ ಕೊಲ್ಲುವುದೂ ಅದೇ. ಜಜ್ಜದೆ ಇಡಿಯಾಗಿ ಬೇಯಿಸಿದರೆ ಕಿಣ್ವ ಕೆಡುತ್ತದೆ, ಅಲಿಸಿನ್ ಅಷ್ಟಾಗಿ ಹುಟ್ಟುವುದಿಲ್ಲ.

ಲವಂಗದ ಎಣ್ಣೆಯಲ್ಲಿ ರೋಗಾಣು ತಡೆಯುವ ಯೂಜಿನಾಲ್ ಎಂಬ ಅಂಶವಿದೆ; ಅದನ್ನು ಹಲ್ಲಿನ ವೈದ್ಯರು ಜಿಂಕ್ ಆಕ್ಸೈಡ್ ಜೊತೆ ಕಲಸಿ ತಾತ್ಕಾಲಿಕ ಫಿಲ್ಲಿಂಗ್‌ಗೆ ಬಳಸುತ್ತಾರೆ. ಓಮದಲ್ಲಿರುವ ಥೈಮಾಲ್ ಎಂಬ ರೋಗಾಣುನಾಶಕ ಅಂಶ ಕೆಲವು ಮೌತ್‌ವಾಶ್‌ಗಳಲ್ಲೂ ಇರುತ್ತದೆ.

ಆದರೆ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ರೋಗಾಣು ಸತ್ತಿತು ಅಂದರೆ ಮೈಯೊಳಗೂ ಸಾಯುತ್ತದೆ ಅಂತಲ್ಲ. ಹಾಗಾಗಿ "ಆ್ಯಂಟಿಬಯಾಟಿಕ್ ಬಿಡಿ, ಈ ಕಷಾಯ ಕುಡಿಯಿರಿ" ಎನ್ನುವ ಸಂದೇಶ ಇಲ್ಲಿ ಬೇಡ. ಹಾಕಿದರೆ ಅಳಿಸುತ್ತೇವೆ, ಬೇಜಾರು ಮಾಡ್ಕೋಬೇಡಿ.

ಹಸಿ ಬೆಳ್ಳುಳ್ಳಿ ಅರೆದು ಚರ್ಮಕ್ಕೆ ಕಟ್ಟಬೇಡಿ, ಸುಟ್ಟ ಹಾಗೆ ಬೊಬ್ಬೆ ಏಳಬಹುದು. ಟೀ ಟ್ರೀ ಎಣ್ಣೆ (ಆಸ್ಟ್ರೇಲಿಯಾದ ಒಂದು ಮರದ ಎಲೆಯಿಂದ ತೆಗೆದದ್ದು) ಚರ್ಮಕ್ಕೆ ಮಾತ್ರ, ಅದೂ ತೆಳು ಮಾಡಿಕೊಂಡು. ನುಂಗಿದರೆ ವಿಷ. ಮಕ್ಕಳಿರುವ ಮನೆಯವರು ಬಾಟಲಿ ಮೇಲಿಡಿ.

ಬೆಳ್ಳುಳ್ಳಿ ತಾನೇ ರೋಗಾಣು ಕೊಲ್ಲುತ್ತದಲ್ಲ ಎಂದುಕೊಂಡು, ಎಣ್ಣೆಯಲ್ಲಿ ನೆನೆಸಿದ ಹಸಿ ಎಸಳುಗಳನ್ನು ಹೊರಗಿಡುವವರಿದ್ದಾರೆ. ಗಾಳಿ ತಾಗದ ಎಣ್ಣೆಯೊಳಗೆ ಬಾಟುಲಿಸಂ ಎಂಬ ಪ್ರಾಣಾಪಾಯದ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಫ್ರಿಜ್‌ನಲ್ಲಿಡಿ, 4 ದಿನದೊಳಗೆ ಮುಗಿಸಿ, ಉಳಿದರೆ ಚೆಲ್ಲಿ.