ಪ್ಯಾಕಿಂಗ್ ವಿಭಾಗದ ಅಕ್ಕನಿಗೆ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಅಕ್ಕಾ, ನಿಮ್ಮ ಹೆಸರು ನನಗೆ ತಿಳಿಯದು. ನನ್ನ ತಮ್ಮನಿಗೂ ನೀವು ಬರೀ ‘ಪ್ಯಾಕಿಂಗ್ ಅಕ್ಕ’. ಅವನ ಹತ್ತು ಬೆರಳೂ ನೆಟ್ಟಗಿರುವುದಕ್ಕೆ ನಿಮಗೆ ಕೈಮುಗಿಯುತ್ತೇನೆ.

ತಗಡನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್‌ಗೆ ಎರಡು ಗುಂಡಿ ಇಟ್ಟಿರುವುದು ಸುಮ್ಮನೆ ಅಲ್ಲ. ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಒತ್ತುವವರ ಕೈ ಆಗ ಡೈ ಎಂಬ ಅಚ್ಚಿನ ಒಳಗೆ ಇರಲಾರದು. ಹಿರಿಯ ಆಪರೇಟರ್ ಒಂದು ಗುಂಡಿಗೆ ಮರದ ಚೂರು ಸಿಕ್ಕಿಸಿ ಒಂದೇ ಕೈಯಲ್ಲಿ ಓಡಿಸುತ್ತಿದ್ದರು. ಒಳಗಿನಿಂದ ಬಿಡಿಭಾಗ ತೆಗೆಯುವ ಕೆಲಸ ತಮ್ಮನದು. ದಿನದ ಲೆಕ್ಕ ಬೇಗ ಮುಗಿಯಬೇಕಲ್ಲ!

“ಆ ಚೂರು ತೆಗೆಯಿರಿ ಅಣ್ಣಾ, ಹುಡುಗನ ಕೈ ಒಳಗಿದೆ” ಎಂದಿರಂತೆ. “ಪೆಟ್ಟಿಗೆ ಕಟ್ಟುವವಳಿಗೆ ಪ್ರೆಸ್ಸಿನ ಉಸಾಬರಿ ಏಕೆ?” ಎಂದು ಗದರಿಸಿದರೂ ಕದಲಲಿಲ್ಲವಂತೆ. ಗುತ್ತಿಗೆ ಕೆಲಸದವರು ನೀವು, ನಾಳೆಯಿಂದ ಬರಬೇಡ ಎಂದರೆ ಕೇಳುವವರಿಲ್ಲ. ಆದರೂ ಸೂಪರ್‌ವೈಸರ್ ಬಂದು ಯಂತ್ರ ನಿಲ್ಲಿಸುವವರೆಗೆ ಅಲ್ಲೇ ನಿಂತಿರಿ. ಸುರಕ್ಷತಾ ಸಾಧನವನ್ನು ಕೆಡಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯೇ ಕಾರ್ಮಿಕರಿಗೆ ಹೇಳಿತ್ತು. ಗೋಡೆಯ ಮೇಲೆ ಫಲಕವೂ ಇದೆಯಂತೆ, ಫಲಕಕ್ಕೆ ಬಾಯಿಲ್ಲ.

ಆ ಆಪರೇಟರ್ ಈಗಲೂ ನಿಮ್ಮೊಡನೆ ಮಾತು ಬಿಟ್ಟಿದ್ದಾರೆಂದು ಕೇಳಿದೆ. ಬಿಡಲಿ ಬಿಡಿ. ಅಮ್ಮ ನಿಮಗೆಂದು ಚಕ್ಕುಲಿ ಮಾಡಿದ್ದಾರೆ; ಸೋಮವಾರ ತಮ್ಮ ತರುತ್ತಾನೆ, ಬೇಡವೆನ್ನಬೇಡಿ.