ಪಾಸಾವ್‌ನಿಂದ ವಿಯೆನ್ನಾಕ್ಕೆ, ದಿನಕ್ಕೆ ಐವತ್ತು ಮೀರದೆ

ಆತ್ಮೀಯ ಕನ್ನಡ ಬಂಧುಗಳೇ,

ದೀಪಾವಳಿಯ ಹೊತ್ತಿಗೆ ಮೈಸೂರಿಗೆ ಖಾಯಮ್ಮಾಗಿ ಮರಳುತ್ತಿರುವ ನಮ್ಮ ಸಂಘದ ಹಿರಿಯ ದಂಪತಿ ಮೊನ್ನೆ ಕೇಳಿದರು: "ಇಷ್ಟು ವರ್ಷ ರಜೆ ಸಿಕ್ಕಾಗಲೆಲ್ಲ ಊರಿಗೇ ಓಡಿದ್ವಿ. ಯೂರೋಪಿನಲ್ಲೇ ಇದ್ದು ಯೂರೋಪು ನೋಡಲಿಲ್ಲ. ಸೆಪ್ಟೆಂಬರಿನಲ್ಲಿ ಹತ್ತು ದಿನ ಬಿಡುವಿದೆ. ಬಸ್ಸಿನ ಕಿಟಕಿಯಿಂದ ನೋಡೋದು ಬೇಡ. ಎಲ್ಲಿಗೆ ಹೋಗೋಣ, ಹೇಳಿ." ಇನ್ನೂ ಹಲವರಿಗೆ ಉಪಯೋಗವಾದೀತೆಂದು ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಸಂಚಿಕೆ ಅಚ್ಚಿಗೆ ಹೋಗಬೇಕು, ಹಾಗಾಗಿ ನೇರ ವಿಷಯಕ್ಕೆ.

ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾದವರೆಗೆ ಡ್ಯಾನ್ಯೂಬ್ ದಂಡೆಯ ಸೈಕಲ್ ದಾರಿ ಹಿಡಿಯಿರಿ. ಸುಮಾರು 320 ಕಿ.ಮೀ. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಸಾಗುವ ಯೂರೋವೆಲೋ 6 ಎಂಬ ಸೈಕಲ್ ಮಾರ್ಗದ ಒಂದು ತುಂಡು ಇದು. ಬಹುಪಾಲು ಡಾಂಬರು, ಸಮತಟ್ಟು. ಪಶ್ಚಿಮದಿಂದ ಪೂರ್ವಕ್ಕೇ ಹೋಗಿ. ಗಾಳಿ ಹೆಚ್ಚಾಗಿ ಬೆನ್ನ ಹಿಂದಿನಿಂದ ಬೀಸುತ್ತದೆ. ಆರು ದಿನಕ್ಕೆ ಮುಗಿಸುವವರಿದ್ದಾರೆ, ನೀವು ಹಾಗೆ ಮಾಡಬೇಡಿ. ದಿನಕ್ಕೆ ಐವತ್ತು ಕಿಲೋಮೀಟರಿಗೆ ನಿಲ್ಲಿಸಿದರೆ ಮಧ್ಯಾಹ್ನವೆಲ್ಲ ಕಾಲ್ನಡಿಗೆಗೆ, ಇತಿಹಾಸಕ್ಕೆ ಉಳಿಯುತ್ತದೆ. ಅದಿಲ್ಲದೆ ಈ ದಾರಿ ಬರೀ ವ್ಯಾಯಾಮ.

ಪಾಸಾವ್‌ನಲ್ಲೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ವಿಯೆನ್ನಾದಲ್ಲಿ ಒಪ್ಪಿಸುವ ಏರ್ಪಾಡಿರುವ ಅಂಗಡಿ ಆರಿಸಿ. ಹೊರಡುವ ಮುನ್ನ ಅರ್ಧ ಗಂಟೆ ಅಂಗಡಿಯಲ್ಲೇ ಕಳೆಯಿರಿ. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು; ಸೀಟು ಅದಕ್ಕಿಂತ ತಗ್ಗಿದ್ದರೆ ಎರಡನೇ ದಿನ ಮಂಡಿ ಹಿಡಿಯುತ್ತದೆ. ಸೀಟಿನ ಮೂತಿ ಕೆಳಮುಖವಾಗಿದ್ದರೆ ಮೈಭಾರವೆಲ್ಲ ಅಂಗೈಗೆ ಬಿದ್ದು ಬೆರಳು ಜೋಮು ಹಿಡಿಯುತ್ತವೆ. ಪ್ಯಾಡ್ ಇರುವ ಸೈಕಲ್ ಚಡ್ಡಿಯ ಒಳಗೆ ಇನ್ನೊಂದು ಬೇಡ, ಅದರ ಹೊಲಿಗೆಯೇ ಚರ್ಮ ಉಜ್ಜುತ್ತದೆ. ಟೈರಿನ ಅಳತೆಗೆ ಸರಿಯಾದ ಒಂದು ಟ್ಯೂಬ್, ಎರಡು ಟೈರ್ ಲಿವರ್, ಪಂಪು ಇರಲಿ; ಪಂಪು ನಿಮ್ಮ ವಾಲ್ವಿಗೆ ಕೂರುತ್ತದೆಯೇ ಎಂದು ಅಲ್ಲೇ ಹಾಕಿ ನೋಡಿ. ಇಬ್ಬರ ಶಕ್ತಿ ಒಂದೇ ಸಮ ಇಲ್ಲದಿದ್ದರೆ ಒಬ್ಬರಿಗೆ ಬ್ಯಾಟರಿ ಸೈಕಲ್ ತೆಗೆದುಕೊಳ್ಳಿ. ನಿಧಾನವಾಗಿ ತುಳಿಯುವವರು ಯಾವಾಗಲೂ ಮುಂದಿರಲಿ.

ಪಾಸಾವ್‌ನಲ್ಲಿ ಡ್ಯಾನ್ಯೂಬ್, ಇನ್, ಇಲ್ಜ್ ಮೂರೂ ನದಿಗಳು ಕೂಡುತ್ತವೆ. ಪುರಭವನದ ಗೋಡೆಯಲ್ಲಿ ಪ್ರವಾಹದ ಗುರುತುಗಳಿವೆ. 2013ರ ಜೂನ್‌ನಲ್ಲಿ ನೀರು 12.89 ಮೀಟರಿಗೆ ಏರಿತ್ತು. 1501ರ ನಂತರ ಅಷ್ಟು ಏರಿದ್ದಿಲ್ಲ. ಮೊದಲ ರಾತ್ರಿ ಶ್ಲೋಗೆನ್‌ನಲ್ಲಿ ತಂಗಿ. ನದಿ ಅಲ್ಲಿ ಪೂರ್ತಿ ಹಿಂದಕ್ಕೆ ತಿರುಗುತ್ತದೆ; ಅದು ಕಾಣಬೇಕಾದರೆ ಕಾಡಿನೊಳಗಿನ ಏರುದಾರಿಯಲ್ಲಿ ಮುಕ್ಕಾಲು ಗಂಟೆ ಹತ್ತಬೇಕು. ಎರಡನೇ ದಿನ ಲಿಂಟ್ಸ್. ಖಗೋಳ ವಿಜ್ಞಾನಿ ಕೆಪ್ಲರ್ 1612ರಿಂದ 1626ರವರೆಗೆ ಇದ್ದ ಊರು. ಗ್ರಹಗಳ ಚಲನೆಯ ಮೂರನೆಯ ನಿಯಮ ಅವನಿಗೆ ಹೊಳೆದದ್ದು ಇಲ್ಲಿದ್ದಾಗ.

ಮೂರನೇ ದಿನ ಇಪ್ಪತ್ತೈದು ಕಿಲೋಮೀಟರಿನಷ್ಟೇ ತುಳಿದು ಮೌಟ್‌ಹೌಸನ್‌ನಲ್ಲಿ ನಿಲ್ಲಿ. ಅನೇಕರು ಗ್ರೈನ್ ತಲುಪುವ ಆತುರದಲ್ಲಿ ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ನಾಜಿಗಳ ಸೆರೆಶಿಬಿರ ಊರ ಮೇಲಿನ ಗುಡ್ಡದಲ್ಲಿತ್ತು. ದಾರಿ ಕಡಿದಾಗಿದೆ, ಸೈಕಲ್ ತಳ್ಳಬೇಕಾಗುತ್ತದೆ. 1938ರಿಂದ 1945ರ ಮೇ 5ರವರೆಗೆ ಇಲ್ಲಿಗೂ ಇದರ ಉಪಶಿಬಿರಗಳಿಗೂ ಸುಮಾರು 1,90,000 ಜನರನ್ನು ತಂದರು. ಕಡಿಮೆಯೆಂದರೂ 90,000 ಮಂದಿ ಸತ್ತರು. ಗ್ರಾನೈಟ್ ಕ್ವಾರಿಯಿಂದ ಕೈದಿಗಳು ಕಲ್ಲು ಹೊತ್ತು 186 ಮೆಟ್ಟಿಲು ಹತ್ತಬೇಕಿತ್ತು. ಪ್ರವೇಶಕ್ಕೆ ಹಣವಿಲ್ಲ. ಮೂರು ಗಂಟೆ ಬೇಕು, ಆಮೇಲೆ ಸೈಕಲ್ ಹತ್ತುವ ಮನಸ್ಸಿರುವುದಿಲ್ಲ. ಅದಕ್ಕೇ ರಾತ್ರಿ ಅಲ್ಲೇ ಎಂದದ್ದು.

ನಂತರ ಗ್ರೈನ್, ಮೆಲ್ಕ್. ಮೆಲ್ಕ್‌ನ ಮಠದಲ್ಲಿ 1089ರಿಂದ ಬೆನೆಡಿಕ್ಟ್ ಪಂಥದ ಸನ್ಯಾಸಿಗಳಿದ್ದಾರೆ. ಅಲ್ಲಿಂದ ಕ್ರೆಮ್ಸ್‌ವರೆಗಿನ ಮೂವತ್ತಾರು ಕಿಲೋಮೀಟರೇ ವಾಖೌ ಕಣಿವೆ. ಅದಕ್ಕೆ ಎರಡು ದಿನ ಕೊಡಿ. ಮೆಲ್ಕ್‌ನಿಂದ ದಕ್ಷಿಣದ ದಂಡೆ ಹಿಡಿದು, ಆರ್ನ್ಸ್‌ಡೋರ್ಫ್‌ನಲ್ಲಿ ದೋಣಿಯಿಂದ ಶ್ಪಿಟ್ಸ್‌ಗೆ ದಾಟಿ. ನಮ್ಮ ಹರಿಗೋಲಿಗೆ ಹುಟ್ಟಾದರೂ ಬೇಕು; ಈ ದೋಣಿಗೆ ಅದೂ ಬೇಡ, ಇಂಜಿನ್ನೂ ಬೇಡ. ನದಿಗೆ ಅಡ್ಡಲಾಗಿ ಮೇಲೆ ಕಟ್ಟಿದ ಉಕ್ಕಿನ ಹಗ್ಗಕ್ಕೆ ದೋಣಿ ಜೋತುಬಿದ್ದಿರುತ್ತದೆ. ಅದನ್ನು ಓರೆಯಾಗಿ ತಿರುಗಿಸಿದರೆ ಹರಿವಿನ ಒತ್ತಡವೇ ಪಕ್ಕಕ್ಕೆ ತಳ್ಳುತ್ತದೆ. ನೀರು ಉಕ್ಕಿದಾಗ ಓಡದು, ಸಂಜೆಯ ಕೊನೆಯ ಸರದಿಯೂ ಬೇಗ. ಬೆಳಿಗ್ಗೆಯೇ ವಿಚಾರಿಸಿಡಿ.

ಮುಂದೆ ಡ್ಯೂರ್ನ್‌ಶ್ಟೈನ್. ದ್ವಾರಸಮುದ್ರದಲ್ಲಿ ಇಮ್ಮಡಿ ಬಲ್ಲಾಳ ಆಳುತ್ತಿದ್ದ ಕಾಲದಲ್ಲಿ, 1192ರ ಡಿಸೆಂಬರಿನಲ್ಲಿ, ಕ್ರುಸೇಡ್ ಎಂಬ ಧರ್ಮಯುದ್ಧ ಮುಗಿಸಿ ಮರಳುತ್ತಿದ್ದ ಇಂಗ್ಲೆಂಡಿನ ದೊರೆ ರಿಚರ್ಡನನ್ನು ಆಸ್ಟ್ರಿಯಾದ ಡ್ಯೂಕ್ ಐದನೇ ಲಿಯೊಪೋಲ್ಡ್ ಹಿಡಿದು ಸೆರೆಯಿಟ್ಟ ಕೋಟೆ ಇದು. ಅಲ್ಲಿಂದ ಅವನನ್ನು ಪವಿತ್ರ ರೋಮನ್ ಚಕ್ರವರ್ತಿ ಆರನೇ ಹೆನ್ರಿಗೆ ಒಪ್ಪಿಸಲಾಯಿತು. ಬಿಡುಗಡೆಯಾದದ್ದು 1194ರ ಫೆಬ್ರವರಿಯಲ್ಲಿ, ಭಾರಿ ಒತ್ತೆಹಣ ತೆತ್ತ ಮೇಲೆ. 1645ರಲ್ಲಿ ಸ್ವೀಡನ್ನಿನ ಸೈನ್ಯ ಕೋಟೆ ಕೆಡವಿತು. ಊರಿನಿಂದ ಅರ್ಧ ಗಂಟೆಯ ಕಲ್ಲುದಾರಿ. ಜಾರದ ಬೂಟು ಹಾಕಿಕೊಳ್ಳಿ. ಕಣಿವೆಯ ಎರಡನೇ ದಿನ ಸೈಕಲ್ ಬಿಟ್ಟು ದ್ರಾಕ್ಷಿಯ ಮೆಟ್ಟಿಲುಗದ್ದೆಗಳ ಮೇಲೆ ವೈಸನ್‌ಕಿರ್ಖನ್‌ವರೆಗೆ ನಡೆಯಿರಿ. ಗಾರೆಯಿಲ್ಲದೆ ಕಲ್ಲು ಪೇರಿಸಿದ ಅಲ್ಲಿನ ಗೋಡೆಗಳನ್ನು ನಿಂತು ನೋಡಿ, ಮಳೆನೀರು ಸಂದಿಗಳಲ್ಲಿ ಬಸಿದುಹೋಗುವುದರಿಂದ ಅವು ಉಬ್ಬಿ ಬೀಳುವುದಿಲ್ಲ. ಹಳದಿ ಫಲಕಗಳಲ್ಲಿ ಬರೆದಿರುವುದು ದೂರವಲ್ಲ, ಗಂಟೆ. ಅದೂ ನಿಲ್ಲದೆ ನಡೆಯುವವರ ಲೆಕ್ಕ. ಮೂರಲ್ಲಿ ಒಂದು ಪಾಲು ಸೇರಿಸಿಕೊಳ್ಳಿ.

ಕ್ರೆಮ್ಸ್, ಟುಲ್ನ್, ವಿಯೆನ್ನಾ: ಕೊನೆಯ ಈ ಭಾಗ ಸಪ್ಪೆ, ತುಳಿದು ಮುಗಿಸಿ.

ಸಸ್ಯಾಹಾರಿಗಳಿಗೆ: ದೋಸೆಯ ಎಳೆಗಳಂತೆ ಕಾಣುವ ಫ್ರಿಟಾಟನ್ ಸೂಪಿನ ತಿಳಿಯೇ ದನದ ಮಾಂಸದ್ದು, ಕೇಳಿಯೇ ತರಿಸಿ. ಚೀಸ್ ಹಾಕಿದ ಕೇಸ್‌ಶ್ಪೆಟ್ಸ್ಲೆ ಸಿಗುತ್ತದೆ, ಅದರಲ್ಲೂ ಮೊಟ್ಟೆಯಿದೆ. ಹಳ್ಳಿಯ ಹೋಟೆಲು ವಾರಕ್ಕೊಂದೆರಡು ದಿನ ಮುಚ್ಚಿರುತ್ತದೆ, ಭಾನುವಾರ ಅಂಗಡಿಯೂ ಇಲ್ಲ. ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿರಲಿ. ಸೆಪ್ಟೆಂಬರು ದ್ರಾಕ್ಷಿ ಕೊಯ್ಲಿನ ಕಾಲ. ವಾಖೌನ ವಾರಾಂತ್ಯದ ರೂಮು ಈಗಲೇ ಕಾದಿರಿಸಿ.

ಜಾಗ ಮುಗಿಯುತ್ತಿದೆ, ಪ್ರಕಟಣೆಗಳು: ಗಣೇಶೋತ್ಸವ ಹಬ್ಬದ ನಂತರದ ಶನಿವಾರ, ಎಂದಿನ ಸಭಾಂಗಣದಲ್ಲಿ. ಕಡುಬು ಮಾಡಲು ಆರು ಜನ ಬೇಕು, ಈವರೆಗೆ ಇಬ್ಬರು ಹೆಸರು ಕೊಟ್ಟಿದ್ದಾರೆ. ಮಕ್ಕಳ ಕನ್ನಡ ತರಗತಿ ಬೇಸಿಗೆ ರಜೆಯ ನಂತರ ಭಾನುವಾರ ಹತ್ತಕ್ಕೆ. ಹೊರಡುತ್ತಿರುವ ದಂಪತಿಗೆ ಬೀಳ್ಕೊಡುಗೆ ಅಕ್ಟೋಬರ್ ಮೊದಲ ವಾರ. ಅವರು ನಡೆಸುತ್ತಿದ್ದ ಪುಸ್ತಕ ಭಂಡಾರಕ್ಕೆ ಇನ್ನೂ ಯಾರೂ ಮುಂದೆ ಬಂದಿಲ್ಲ, ಎಂಟು ಪೆಟ್ಟಿಗೆ ಇಡುವಷ್ಟು ಜಾಗವಿರುವವರು ದಯವಿಟ್ಟು ತಿಳಿಸಿ. ಈ ಪತ್ರಿಕೆಯ ಪುಟವಿನ್ಯಾಸಕ್ಕೂ ಒಬ್ಬರು ಜೊತೆಯಾದರೆ ರಾಜ್ಯೋತ್ಸವದ ಸಂಚಿಕೆ ಸಮಯಕ್ಕೆ ಬರುತ್ತದೆ. ಲೇಖನಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಸೆಪ್ಟೆಂಬರ್ 30ರೊಳಗೆ ಕಳಿಸಿ.

— ಸಂಪಾದಕರು